ಎರಡು ಗಂಟೆಯ ಸಹಿ

ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲಿದ್ದಾಗಲೇ ಎರಡು ಗಂಟೆ ಆಗಿಹೋಯಿತು. ಗಡಿಯಾರ ನೋಡಬಾರದು ಎಂದು ಚಂದ್ರಾಮ ಚೆಂಬೂರಿನಲ್ಲಿ ಗಾಡಿ ಹತ್ತುವಾಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಆದರೆ ಪ್ಲಾಟ್‌ಫಾರ್ಮಿಗೊಂದರಂತೆ ತೂಗುಹಾಕಿದ ಗಡಿಯಾರಗಳು ಯಾರ ಮನಸ್ಸನ್ನು ಕೇಳಿ ತೋರಿಸುತ್ತವೆ? ಸರಿಯಾಗಿ ಈ ಹೊತ್ತಿಗೆ ತಾನು ಏಳನೇ ಟ್ಯಾಂಕಿನ ಬಾಯಿಗೆ ಮೀಟರು ಹಿಡಿದು ನಿಂತಿದ್ದೇನೆ ಎಂದು ಅವನು ಪರ್ಮಿಟ್ಟಿನಲ್ಲಿ ಬರೆದು, ಟ್ಯಾಂಕಿನ ಪಕ್ಕದ ಡಬ್ಬಿಯಲ್ಲಿ ಇಟ್ಟು ಬಂದಿದ್ದ. ಆಮ್ಲಜನಕ ಇಪ್ಪತ್ತು ಪಾಯಿಂಟ್ ಒಂಬತ್ತು, ಹೊತ್ತಿಕೊಳ್ಳುವ ಗ್ಯಾಸು ಸೊನ್ನೆ, ವೇಳೆ ಎರಡು ಗಂಟೆ, ಕೆಳಗೆ ಸಹಿ. ಬರೆದದ್ದು ಒಂದೂ ಹತ್ತಕ್ಕೆ, ಕ್ಯಾಂಟೀನಿನ ಹಿಂದೆ ಕೈತೊಳೆಯುವ ನಲ್ಲಿಗಳ ಪಕ್ಕ, ಗೋಡೆಗೆ ಕಾಗದ ಒತ್ತಿಹಿಡಿದು. ಗೋಡೆಯ ಒರಟಿಗೆ ಸೊನ್ನೆ ಸರಿಯಾಗಿ ಮೂಡದೆ ಅದರ ಮೇಲೆ ಇನ್ನೊಂದು ಸಲ ಪೆನ್ನು ಎಳೆದಿದ್ದ. ಈಗ ಸೇತುವೆಯ ಮೇಲೆ ಜನ ಅವನನ್ನು ತಳ್ಳಿಕೊಂಡು ಹೋಗುತ್ತಿರುವಾಗ ಆ ಸೊನ್ನೆಯೇ ಕಣ್ಣಿಗೆ ಕಟ್ಟಿತು. ಎರಡು ಸಲ ಬರೆದ ಸೊನ್ನೆಯನ್ನು ನೋಡಿದವರು ಏನಂದುಕೊಂಡಾರು? ತನಿಖೆಯವರು ಬಂದರೆ ಮೊದಲು ಅದನ್ನೇ ನೋಡುತ್ತಾರೆ. ತನಿಖೆಯವರು ಯಾಕೆ ಬರಬೇಕು, ಏನಾಗಿದೆ ಅಂತ? ಏನೂ ಆಗಿಲ್ಲ. ಏನೂ ಆಗುವುದಿಲ್ಲ. ಹಾಗಂದುಕೊಂಡು ಹೆಗಲ ಮೇಲಿನ ಹೊಸ ಬ್ಯಾಗನ್ನು ಎದೆಯ ಮುಂದಕ್ಕೆ ತಂದು, ಅದರ ಮೇಲೆ ದಪ್ಪಕ್ಷರದಲ್ಲಿದ್ದ ಇನ್‌ಸ್ಟಿಟ್ಯೂಟಿನ ಹೆಸರು ಕಾಣದಂತೆ ತಿರುವಿ ಹಿಡಿದು ಮೆಟ್ಟಿಲಿಳಿದ.

ಹನ್ನೊಂದು ವರ್ಷದಿಂದ ಅವನು ಚೆಂಬೂರಿನ ಆಚೆ ಒಂದು ಟ್ಯಾಂಕ್ ಯಾರ್ಡಿನಲ್ಲಿ ಸೇಫ್ಟಿ ಆಫೀಸರು. ಎಣ್ಣೆ ಖಾಲಿ ಮಾಡಿದ ಟ್ಯಾಂಕಿನೊಳಗೆ ವೆಲ್ಡಿಂಗಿಗೆ ಜನ ಹೋಗುವ ಮೊದಲು ಒಳಗಿನ ಗಾಳಿಯನ್ನು ಮೀಟರಿನಿಂದ ಪರೀಕ್ಷಿಸಿ ಪರ್ಮಿಟ್ಟಿಗೆ ಸಹಿ ಹಾಕುವುದು ಅವನ ಕೆಲಸ. ಬೆಳಿಗ್ಗೆ ಒಂದು ಸಲ, ಊಟವಾದ ಮೇಲೆ ಇನ್ನೊಂದು ಸಲ. ಎರಡನೇ ಸಲ ಯಾಕೆಂದರೆ ಮಧ್ಯಾಹ್ನದ ಬಿಸಿಲಿಗೆ ಟ್ಯಾಂಕಿನ ಕಬ್ಬಿಣ ಕಾಯುತ್ತದೆ, ತಳದಲ್ಲಿ ಎಲ್ಲಾದರೂ ಒಂದು ಬೊಗಸೆ ಕೆಸರು ಉಳಿದಿದ್ದರೆ ಅದು ಆವಿ ಬಿಡತೊಡಗುತ್ತದೆ. ಆ ಆವಿಗೆ ಬಣ್ಣವಿಲ್ಲ, ಒಂದು ಮಟ್ಟ ದಾಟಿದರೆ ವಾಸನೆಯೂ ತಿಳಿಯುವುದಿಲ್ಲ. ವೆಲ್ಡಿಂಗಿನ ಒಂದು ಕಿಡಿ ಬಿದ್ದರೆ ಮುಗಿಯಿತು. ಇದನ್ನೆಲ್ಲ ಹೊಸದಾಗಿ ಸೇರಿದವರಿಗೆ ತಿಳಿಹೇಳುವವನು ಅವನೇ. ತಾನು ಯಾರ್ಡು ಬಿಟ್ಟು ಹೋಗುವುದಿದ್ದರೆ ಮ್ಯಾನೇಜರ್ ಅನಿಲಕುಮಾರನಿಗೆ ಹೇಳಬೇಕು; ಅವನು ಬಂದು ಪರೀಕ್ಷಿಸಬೇಕು, ಇಲ್ಲವೆ ಕೆಲಸ ನಿಲ್ಲಿಸಬೇಕು. ಚಂದ್ರಾಮ ಹೇಳಿದ್ದ, ಆದರೆ ಹಲ್ಲುನೋವು ಎಂದು ಹೇಳಿದ್ದ. ಏಳನೇ ಟ್ಯಾಂಕಿನಲ್ಲಿ ಮಧ್ಯಾಹ್ನ ಕೆಲಸ ಇದೆಯೇ ಎಂದು ಅನಿಲಕುಮಾರ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದಾಗ, ‘ಎಲ್ಲಾ ನೋಡಿ ಹೋಗ್ತೀನಿ ಸರ್’ ಎಂದಿದ್ದ. ನಿಜ ಹೇಳಿದ್ದರೆ ಅವನು ಕೆಲಸ ನಿಲ್ಲಿಸುತ್ತಿದ್ದ, ಮುಂದಿನ ಶನಿವಾರ ಮತ್ತೆ ಕೇಳುತ್ತಿದ್ದ, ಅದರ ಮುಂದಿನ ಶನಿವಾರವೂ. ಮೂರು ವರ್ಷದ ಶನಿವಾರಗಳಿಗೆ ಸಾಲುವಷ್ಟು ಹಲ್ಲು ಯಾರ ಬಾಯಲ್ಲೂ ಇರುವುದಿಲ್ಲ.

ಪರೇಲಿಗೆ ಹೋಗುವ ಸ್ಲೋ ಗಾಡಿಯಲ್ಲಿ ನಿಲ್ಲಲು ಜಾಗ ಸಿಕ್ಕಿತು. ನಲವತ್ತೊಂದನೇ ವಯಸ್ಸಿನಲ್ಲಿ ಎಂಬಿಎ ಕಲಿಯಲು ಹೊರಟಿದ್ದೇನೆ ಎಂದು ಯಾರ್ಡಿನಲ್ಲಿ ಹೇಳುವುದಕ್ಕಿಂತ ಹಲ್ಲುನೋವೇ ವಾಸಿ ಎನಿಸಿತ್ತು ಅವನಿಗೆ. ಹೋದ ವರ್ಷ ಮ್ಯಾನೇಜರ್ ಕೆಲಸದ ಇಂಟರ್‌ವ್ಯೂನಲ್ಲಿ ಮೂವರು ಕುಳಿತಿದ್ದರು. ನಡುವಿನವರು ಅವನ ಫೈಲು ಮುಚ್ಚುತ್ತ, ಅನುಭವ ಚೆನ್ನಾಗಿದೆ, ಆದರೆ ಮ್ಯಾನೇಜ್‌ಮೆಂಟ್ ಡಿಗ್ರಿ ಅಂತ ಒಂದಿಲ್ಲವಲ್ಲ ಎಂದು ನಕ್ಕಿದ್ದರು. ಬೈದಿದ್ದರೆ ಮರೆಯಬಹುದಿತ್ತು. ಒಂದು ತಿಂಗಳಿಗೆ ಅನಿಲಕುಮಾರ ಬಂದ. ಒಂಬತ್ತು ವರ್ಷ ಚಿಕ್ಕವನು, ಟ್ಯಾಂಕಿನ ಏಣಿ ಹತ್ತಿದರೆ ತಲೆ ಸುತ್ತುತ್ತದೆ ಎಂದು ಮೊದಲ ದಿನವೇ ಹೇಳಿಕೊಂಡವನು, ಕೆಟ್ಟವನೇನಲ್ಲ. ಇಂಡಿ ತಾಲೂಕಿನಿಂದ ಬಂದು ಇಷ್ಟು ವರ್ಷವಾದರೂ ಈ ಊರು ಚಂದ್ರಾಮನಿಗೆ ಪರದೇಶವೇ. ಇಲ್ಲಿ ಯಾರೋ ಒಬ್ಬರು ತನ್ನನ್ನು ಹಿಡಿದು ನಿಲ್ಲಿಸಿ ನೀನು ಇಲ್ಲಿಯವನಲ್ಲ ಎಂದಾರು ಎಂಬ ಅಳುಕು ಅವನನ್ನು ಬಿಟ್ಟೇ ಇಲ್ಲ. ಡಿಗ್ರಿಯೊಂದು ಇದ್ದರೆ ತೆಗೆದು ತೋರಿಸಬಹುದು. ಇವತ್ತು ಬೆಳಿಗ್ಗೆ ಮಗಳು ಪ್ರಣೀತಾ ಅವನ ಬ್ಯಾಗನ್ನು ಹಿಂದೆ ಮುಂದೆ ನೋಡಿ, ‘ಪಪ್ಪಾ, ನಿಮ್ ಕಾಲೇಜ್‌ದಾಗ ಯೂನಿಫಾರ್ಮ್ ಐತಿ ಕ್ಯಾ?’ ಎಂದು ಕೇಳಿದ್ದಳು. ಅವನ ಹೆಂಡತಿ ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ಆ ಮೂಲೆ. ಏಳನೇ ಟ್ಯಾಂಕಿನೊಳಗೆ ಉತ್ತರದ ಗೋಡೆಯ ಬುಡದ ಮೂಲೆಯಲ್ಲಿ ಬೆಳಿಗ್ಗೆ ಟಾರ್ಚು ಬಿಟ್ಟಾಗ ಏನೋ ಕಪ್ಪಗೆ ಹೊಳೆದಿತ್ತಲ್ಲವೇ? ಒರೆಸಿ ಎಂದು ಹೇಳಿದ್ದು ಹೌದು. ಒರೆಸಿದ್ದನ್ನು ಕಣ್ಣಾರೆ ನೋಡಿದ್ದು ಇವತ್ತೋ, ನಿನ್ನೆಯೋ? ಗಾಡಿ ಮಾಟುಂಗಾ ಬಿಟ್ಟರೂ ನೆನಪಾಗಲಿಲ್ಲ.

ಏಳು ವರ್ಷದ ಹಿಂದೆ ಕಾಶಪ್ಪ ಮೊದಲ ಸಲ ಯಾರ್ಡಿಗೆ ಬಂದ ದಿನವೂ ಹೀಗೇ ಬಿಸಿಲಿತ್ತು. ಸಿಂದಗಿ ಕಡೆಯ ವೆಲ್ಡರು, ಚಂದ್ರಾಮನಿಗಿಂತ ಹತ್ತು ವರ್ಷ ದೊಡ್ಡವನು, ಓದುಬರಹ ಇಲ್ಲ. ಮೀಟರು ತೋರಿಸಿ, ಒಳಗೆ ಹೋಗಬಹುದು ಎಂದರೆ ಅಲ್ಲಾಡಲಿಲ್ಲ. ‘ಮಿಶಿನ್ ಹೇಳೂದು ನಮಗ ತಿಳಿಯೂದಿಲ್ರಿ ಸಾಹೇಬ್ರ. ನೀವ ಒಮ್ಮೆ ಒಳಗ ತಲಿ ಹಾಕಿ ತಗೀರಿ. ಆಮ್ಯಾಲ ನಾವ ಹೋಗ್ತೀವಿ’ ಎಂದ. ಚಂದ್ರಾಮನಿಗೆ ಸಿಟ್ಟು ಬಂದಿತ್ತು. ಸಹಿ ಮಾಡಿದ್ದೇನಲ್ಲ ಎಂದಿದ್ದ. ‘ನಮ್ಮ ಅಣ್ಣ ಹ್ವಾದಾಗೂ ಸಹಿ ಇತ್ರಿ. ಮಾಡಿದಾಂವ ಆಫೀಸಿನ್ಯಾಗ ಕುಂತಿದ್ದ’ ಎಂದು ಕಾಶಪ್ಪ ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದ್ದ. ಆ ಸಾವು ಇನ್ನೆಲ್ಲೋ ಬೇರೆ ಯಾರ್ಡಿನಲ್ಲಿ ಆದದ್ದು. ಅವತ್ತು ಚಂದ್ರಾಮ ಟ್ಯಾಂಕಿನ ಬುಡದಲ್ಲಿ ಒಬ್ಬರು ತೂರುವಷ್ಟಿದ್ದ ಮ್ಯಾನ್‌ಹೋಲಿನೊಳಗೆ ತಲೆ ಹಾಕಿ, ಒಂದು ಉಸಿರು ಎಳೆದುಕೊಂಡು, ಹೊರಗೆ ತೆಗೆದ. ಕಾಶಪ್ಪ ಮರುಮಾತಾಡದೆ ಮೊಣಕಾಲೂರಿ ಒಳಗೆ ಹೋದ. ಆಮೇಲೆ ಅದೊಂದು ರೂಢಿಯೇ ಆಯಿತು. ಮೀಟರು, ತಲೆ, ಆಮೇಲೆ ಕಾಶಪ್ಪ. ಯಾವ ನಿಯಮದಲ್ಲೂ ಇಲ್ಲದ್ದು. ಅನಿಲಕುಮಾರ ಅದನ್ನು ಒಮ್ಮೆ ನೋಡಿ ತನ್ನ ಡೈರಿಯಲ್ಲಿ ಬರೆದುಕೊಂಡಿದ್ದ.

ಇನ್‌ಸ್ಟಿಟ್ಯೂಟು ಒಂದು ಹಳೆಯ ಮಿಲ್ಲಿನ ಕಾಂಪೌಂಡಿನೊಳಗೆ, ನಾಲ್ಕನೇ ಮಹಡಿಯಲ್ಲಿತ್ತು. ಕ್ಲಾಸಿನ ಬಾಗಿಲ ಪಕ್ಕ ಗೋಡೆಗೆ ಒಂದು ಬಟ್ಟೆ ತೂಗುಹಾಕಿದ್ದರು, ಅದರ ತುಂಬ ನಂಬರು ಬರೆದ ಚಿಕ್ಕ ಚಿಕ್ಕ ಜೇಬು. ಒಳಗೆ ಬರುವವರು ಫೋನನ್ನು ತಮ್ಮ ನಂಬರಿನ ಜೇಬಿನಲ್ಲಿಡಬೇಕು. ಚಂದ್ರಾಮನದು ನಲವತ್ತೇಳು. ಫೋನು ಒಳಗೆ ಬಿಡುವಾಗ ಅವನ ಬೆರಳು ಅದನ್ನು ಹಿಡಿದೇ ಇತ್ತು. ಹಿಂದೆ ನಿಂತ ಹುಡುಗಿ ‘ಎಕ್ಸ್‌ಕ್ಯೂಸ್ ಮೀ ಅಂಕಲ್’ ಎಂದಾಗ ಬಿಟ್ಟ. ಅಂಕಲ್ ಅನ್ನಿಸಿಕೊಂಡದ್ದಕ್ಕೆ ನೋಯಲು ಅವನಿಗೆ ಪುರಸೊತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು ನೋಡಿದರೆ ತನ್ನ ಜೇಬು ಅಲ್ಲಿಂದಲೇ ಕಾಣುತ್ತಿತ್ತು. ತೆಳು ಬಟ್ಟೆ. ಕ್ಲಾಸು ಶುರುವಾಗಿ ಸೋನಾಲಿ ಮೇಡಂ ಎನ್ನುವ ಪ್ರೊಫೆಸರು ಬೋರ್ಡಿನ ಮೇಲೆ ತಮ್ಮ ಹೆಸರು ಬರೆಯುತ್ತಿದ್ದಾಗ ಕೆಳಸಾಲಿನ ಒಂದು ಜೇಬಿನೊಳಗೆ ಬೆಳಕು ಹತ್ತಿತು. ನಲವತ್ತಾರೋ ನಲವತ್ತೇಳೋ. ಸ್ವಲ್ಪ ಹೊತ್ತು ಉರಿದು ಆರಿತು. ಬೇರೆಯವರದು ಇರಬೇಕು. ಬೇರೆಯವರದೇ.

ಒಬ್ಬೊಬ್ಬರೂ ಎದ್ದುನಿಂತು ಹೆಸರು, ಕಂಪನಿ, ಈ ವಾರ ಕೆಲಸದಲ್ಲಿ ತಾವು ತೆಗೆದುಕೊಂಡ ಒಂದು ನಿರ್ಧಾರ, ಇಷ್ಟನ್ನು ಹೇಳಬೇಕು ಎಂದರು ಮೇಡಂ. ಎಲ್ಲರೂ ಹೇಳುತ್ತ ಬಂದರು. ಮಲಾಡಿನ ಬ್ಯಾಂಕಿನಲ್ಲಿರುವ ಅಕ್ಷಯ ಎಂಬ ಹುಡುಗ, ಚಂದ್ರಾಮನ ಪಕ್ಕದಲ್ಲೇ ಕುಳಿತವನು, ನೀರು ಕುಡಿದಷ್ಟು ಸಲೀಸಾಗಿ ಇಂಗ್ಲಿಷಿನಲ್ಲಿ ಮಾತಾಡಿ ಕುಳಿತ. ವಿಜಯಪುರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಮಾಸ್ತರರು ಹಾಜರಿ ಕರೆಯುತ್ತ ತನ್ನ ಹೆಸರಿನ ಹತ್ತಿರ ಬರುವಾಗ ಆಗುತ್ತಿದ್ದ ಎದೆಬಡಿತ ಹೊರಳಿ ಬಂತು; ಬರೀ ‘ಯೆಸ್ ಸರ್’ ಅನ್ನಲು ಅಷ್ಟು ಹೆದರುತ್ತಿದ್ದ. ಆ ಬೆಳಕು ಮತ್ತೆ ಹತ್ತಿತು. ಈ ಸಲ ಅವನು ಎಣಿಸಿದ, ಮೂಲೆಯಿಂದ ಒಂದು, ಎರಡು, ಮೂರು. ನಾಲ್ಕನೆಯದು. ನಲವತ್ತೇಳೇ. ‘ಸರ್, ಯು?’ ಎಂದರು ಮೇಡಂ. ಅವನು ಎದ್ದ. ಹೆಸರು ಹೇಳಿದ. ಈ ವಾರ ಏನು ನಿರ್ಧಾರ? ಬಾಯಿಗೆ ಬೇರೇನೂ ಬರಲಿಲ್ಲ. ಇಂಗ್ಲಿಷಿನಲ್ಲಿ ತಡವರಿಸುತ್ತ, ಪರ್ಮಿಟ್ಟಿಗೆ ಸಹಿ ಮಾಡುವುದು ತನ್ನ ಕೆಲಸ ಎಂದ. ಅದನ್ನು ಬಿಡಿಸಿ ಹೇಳಿ ಎಂದರು. ಹೇಳಿದ. ಬಿಸಿಲಿಗೆ ಕಾಯುವ ಕಬ್ಬಿಣ, ಕಾಣದ ಆವಿ, ಎರಡನೇ ಸಲದ ಪರೀಕ್ಷೆ, ಎಲ್ಲ. ಹೇಳುತ್ತ ಹೋದಂತೆ ಇಂಗ್ಲಿಷ್ ತಾನಾಗಿ ಬಂತು. ಕೊನೆಗೆ, ತಾನು ತಲೆ ಹಾಕಿ ತೆಗೆಯದೆ ತನ್ನ ಜನ ಒಳಗೆ ಹೋಗುವುದಿಲ್ಲ ಎಂದ. ಅಕ್ಷಯ ತಿರುಗಿ, ಮೀಟರು ಸರಿ ಎಂದ ಮೇಲೂ ತಲೆ ಹಾಕುವುದು ದಂಡವಲ್ಲವೇ ಸರ್ ಎಂದು ಕೇಳಿದ. ಮೇಡಂ ಅವನನ್ನು ತಡೆದು, ‘ಇಲ್ಲ, ನಾನು ಮೂರು ವರ್ಷದಲ್ಲಿ ಕಲಿಸಬೇಕಾದದ್ದನ್ನು ಇವರು ಆಗಲೇ ಮಾಡುತ್ತಿದ್ದಾರೆ’ ಎಂದರು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಹೋದ ವರ್ಷದಿಂದ ಅವನು ಆಸೆಪಟ್ಟದ್ದು ಇಂಥದನ್ನೇ. ಈಗ ಅದು ಸಿಕ್ಕಾಗ ಯಾರ ಮುಖವನ್ನೂ ನೋಡಲಾಗದೆ ನಾಚಿಕೆಯಿಂದ ಕುಳಿತ. ‘ಬಾತ್‌ರೂಮ್’ ಎಂದು ಅಕ್ಷಯನಿಗೆ ಪಿಸುಗುಟ್ಟಿ ಎದ್ದು, ಜೇಬಿನಿಂದ ಫೋನು ಕಿತ್ತುಕೊಂಡು ಹೊರಗೆ ಬಂದ.

ಕಾಶಪ್ಪನ ಎರಡು ಕರೆ ಬಂದಿದ್ದವು. ಎರಡು ನಲವತ್ತಕ್ಕೊಂದು, ಮೂರೂ ಹತ್ತಕ್ಕೊಂದು. ಯಾರ್ಡಿನೊಳಗೆ ಫೋನು ಒಯ್ಯುವಂತಿಲ್ಲ, ಗೇಟಿನ ಪೆಟ್ಟಿಗೆಯಲ್ಲಿ ಆರಿಸಿ ಇಡಬೇಕು. ಅಂದರೆ ಕಾಶಪ್ಪ ಬಿಸಿಲಲ್ಲಿ ಎರಡು ಸಲ ಗೇಟಿನ ತನಕ ನಡೆದು ಬಂದಿದ್ದಾನೆ. ಮೆಟ್ಟಿಲ ಮೇಲೆ ನಿಂತು ಚಂದ್ರಾಮ ತಿರುಗಿ ಮಾಡಿದ. ಸ್ವಿಚ್ ಆಫ್. ಆರಿಸಿ ಇಟ್ಟಿದ್ದಾನೆ, ಒಳಗೆ ಹೋಗಿದ್ದಾನೆ. ಕಂಟ್ರೋಲ್ ರೂಮಿನ ನಂಬರು ಫೋನಿನಲ್ಲಿ ಎಲ್ಲಕ್ಕಿಂತ ಮೇಲಿತ್ತು. ‘ಏಳರಲ್ಲಿ ಕೆಲಸ ನಿಲ್ಲಿಸಿ’ ಅಂದರೆ ಸಾಕು. ಯಾಕೆ ಅನ್ನುತ್ತಾರೆ, ನೀವು ಎಲ್ಲಿದ್ದೀರಿ ಅನ್ನುತ್ತಾರೆ, ಗಾಜಿನ ಆಚೆ ಕುಳಿತ ಅನಿಲಕುಮಾರ ಕಣ್ಣೆತ್ತುತ್ತಾನೆ, ಸಹಿ ಮಾಡಿದ ಪರ್ಮಿಟ್ಟು ತರಿಸುತ್ತಾನೆ. ಹನ್ನೊಂದು ವರ್ಷ ಅಲ್ಲಿಗೆ ಮುಗಿಯಿತು. ಚಂದ್ರಾಮ ಒತ್ತಿದ. ರಿಂಗಾಗುವ ಮೊದಲೇ ಕಟ್ ಮಾಡಿದ. ಮತ್ತೆ ಒತ್ತಿದ, ಮತ್ತೆ ಕಟ್ ಮಾಡಿದ. ತಾನೇ ಹೋಗಿಬಿಡುತ್ತೇನೆ, ನಲವತ್ತು ನಿಮಿಷದ ಮಾತು, ವೆಲ್ಡಿಂಗಿಗೆ ಕೇಬಲ್ ಎಳೆದು ಅಣಿಮಾಡಲೇ ಅರ್ಧ ಗಂಟೆ ಬೇಕು ಎಂದು ತನಗೆ ತಾನೇ ಹೇಳಿಕೊಂಡು ಮೆಟ್ಟಿಲು ಇಳಿಯತೊಡಗಿದ. ಹೇಳಿಕೊಳ್ಳುತ್ತಿರುವುದು ಸುಳ್ಳು ಎಂದು ಅವನಿಗೆ ಗೊತ್ತಿತ್ತು. ತನಗೆ ಹೆಚ್ಚು ಹೆದರಿಕೆ ಯಾವುದರದ್ದು ಎಂಬುದೂ ಗೊತ್ತಾಗಿತ್ತು, ಅದು ಕಾಶಪ್ಪನ ಸಾವಿನದಾಗಿರಲಿಲ್ಲ. ಬ್ಯಾಗು ಕ್ಲಾಸಿನಲ್ಲೇ ಉಳಿದದ್ದು ನೆನಪಾದಾಗ ಅವನು ಸ್ಟೇಷನ್ನಿನಲ್ಲಿದ್ದ.

ವಾಪಸು ಬರುವ ಗಾಡಿಯಲ್ಲಿ ಅವನು ಬಾಗಿಲಲ್ಲೇ ನಿಂತ. ಎದುರು ಸೀಟಿನಲ್ಲಿ ಒಬ್ಬಳು ಬಟಾಣಿ ಸುಲಿದು ಚೀಲಕ್ಕೆ ಹಾಕುತ್ತಿದ್ದಳು. ಆಕೆ ಸಿಪ್ಪೆ ಬಿಡಿಸಿದಂತೆಲ್ಲ ಅವನಿಗೆ ಒಂದೊಂದು ನಿಮಿಷ ಹೋದಂತೆ ಅನಿಸುತ್ತಿತ್ತು. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿನ ಗಾಡಿ ಹಿಡಿದ ಮೇಲೆ ಆಕಾಶವನ್ನೇ ನೋಡುತ್ತ ನಿಂತ. ಯಾರ್ಡಿನ ದಿಕ್ಕಿನಲ್ಲಿ ಹೊಗೆಯೆದ್ದರೆ ಚೆಂಬೂರಿಗೆ ಬರುವ ಮೊದಲೇ ಕಾಣಬೇಕು. ರಿಫೈನರಿಯ ಚಿಮಣಿಗಳ ಹೊಗೆ ದಿನವೂ ಇರುತ್ತದೆ, ಇವತ್ತೂ ಇತ್ತು. ಅದು ದಿನಕ್ಕಿಂತ ಕಪ್ಪಗಿದೆಯೇ? ಸಾಯುವವರು ಆಮ್ಲಜನಕ ಕಡಿಮೆಯಾಗಿ ಸಾಯುವಾಗ ಹೊಗೆಯೇ ಬರುವುದಿಲ್ಲ, ಇದನ್ನೂ ಹೊಸಬರಿಗೆ ತಿಳಿಹೇಳುವವನು ಅವನೇ. ಒಬ್ಬ ಬಿದ್ದರೆ ಅವನನ್ನು ಎಳೆಯಲು ಇನ್ನೊಬ್ಬ ಒಳಗೆ ಹೋಗುತ್ತಾನೆ, ಅವನನ್ನು ಎಳೆಯಲು ಮೂರನೆಯವನು. ಕಾಶಪ್ಪನ ತಂಡದಲ್ಲಿ ನಾಲ್ಕು ಜನ. ಆಟೋದಲ್ಲಿ ಕುಳಿತು, ಏನೂ ಆಗದೆ ಇದ್ದರೆ ಈ ಓದನ್ನೇ ಬಿಟ್ಟುಬಿಡುತ್ತೇನೆ ಎಂದು ಮನೆದೇವರಿಗೆ ಹೇಳಿಕೊಂಡ. ಯಾರ್ಡಿನ ಗೋಡೆ ಕಂಡು, ಗೇಟಿನ ಮುಂದೆ ಗುಂಪಿಲ್ಲ, ಗಾಡಿಗಳಿಲ್ಲ ಎಂದು ಕಂಡಾಗ, ಬಿಡಬೇಕಾದದ್ದೇನಿಲ್ಲ, ಮುಂದಿನ ಸಲ ಬೇರೆ ಏರ್ಪಾಡು ಮಾಡಿಕೊಂಡರಾಯಿತು ಎಂದು ಆ ಮನಸ್ಸೇ ಹೇಳಿತು.

‘ಅರೇ ಸಾಬ್, ದಾಂತ್ ನಿಕಾಲಾ ಕ್ಯಾ?’ ಎಂದ ಗೇಟಿನ ವಾಚ್‌ಮನ್. ಚಂದ್ರಾಮನ ಕೈ ತಾನಾಗಿ ಕೆನ್ನೆಗೆ ಹೋಯಿತು. ಹಲ್ಲು ಕಿತ್ತಿಲ್ಲ, ಔಷಧಿ ಕೊಟ್ಟಿದ್ದಾರೆ ಎಂದ. ಎಷ್ಟು ಸಲೀಸಾಗಿ ಬಂತು ಸುಳ್ಳು! ಫೋನು ಆರಿಸಿ ಪೆಟ್ಟಿಗೆಗೆ ಹಾಕಿದ. ಪಕ್ಕದ ಖಾನೆಯಲ್ಲಿ ಕಾಶಪ್ಪನ ಹಳೆಯ ಫೋನು, ರಬ್ಬರ್ ಬ್ಯಾಂಡು ಸುತ್ತಿದ್ದು, ಮಲಗಿತ್ತು. ಹೆಲ್ಮೆಟ್ಟು ಹಾಕಿಕೊಂಡು, ಕೋಣೆಯಿಂದ ಮೀಟರು ತೆಗೆದುಕೊಂಡು, ಓಡಿದರೆ ಯಾರಾದರೂ ನೋಡುತ್ತಾರೆಂದು ಬಿರಬಿರನೆ ನಡೆದ. ಏಳನೇ ಟ್ಯಾಂಕಿನ ಹಿಂದಿನ ನೆರಳಿನಲ್ಲಿ ನಾಲ್ಕು ಜನ ಕುಳಿತಿದ್ದರು. ಅವನು ಒಂದು ಸಲ ಎಣಿಸಿದ, ನಡೆಯುತ್ತಲೇ ಇನ್ನೊಂದು ಸಲ ಎಣಿಸಿದ. ನಾಲ್ಕು. ಕಾಶಪ್ಪ ಟ್ಯಾಂಕಿಗೆ ಬೆನ್ನು ಕೊಟ್ಟು ಕಾಲು ಚಾಚಿದ್ದವನು ಕಾಲು ಮಡಚಿಕೊಂಡ. ಮ್ಯಾನ್‌ಹೋಲಿಗೆ ತಾಡಪತ್ರಿ ಹೊದಿಸಿದ್ದು ಹಾಗೇ ಇತ್ತು. ಚಂದ್ರಾಮನಿಗೆ ಅಲ್ಲೇ ಕುಳಿತು ಅತ್ತುಬಿಡಬೇಕು ಅನಿಸಿತು.

‘ಬರ್ರಿ ಸಾಹೇಬ್ರ. ಹಲ್ಲ ಹೆಂಗೈತ್ರಿ?’ ಎಂದ ಕಾಶಪ್ಪ.

‘ಕಾಶಪ್ಪಣ್ಣ, ಪರ್ಮಿಟ್ ಡಬ್ಬ್ಯಾಗ ಇತ್ತಲ್ಲ. ಯಾಕ ಒಳಗ ಹೋಗಿಲ್ಲ?’ ದನಿಯಲ್ಲಿ ಸಿಟ್ಟಿನ ಛಾಯೆ ಬಂದದ್ದು ಕೇಳಿ ಅವನಿಗೇ ಅಸಹ್ಯವಾಯಿತು.

‘ಇತ್ರಿ. ಸೀನ ಓದಿ ಹೇಳಿದ.’ ಸೀನ ತಂಡದಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವನು, ಮೀಸೆಯಲ್ಲಿ ನರೆ ಬಂದ ಫಿಟ್ಟರು. ಅವನು ತಲೆ ತಗ್ಗಿಸಿ ನೆಲದ ಮೇಲೆ ಕಡ್ಡಿಯಿಂದ ಗೀರುತ್ತಿದ್ದ. ‘ಎರಡಕ್ಕ ನೋಡೀನಿ ಅಂತ ಬರದಿದ್ರಿ. ನಾವು ಊಟಾ ಮಾಡಿ ಬಂದಾಗ ಇನ್ನೂ ಒಂದೂವರಿನ ಆಗಿತ್ರಿ.’

ಚಂದ್ರಾಮ ಟ್ಯಾಂಕಿನ ಕಡೆ ತಿರುಗಿದ. ಟ್ಯಾಂಕಿನ ಕಬ್ಬಿಣದಿಂದ ಕಾವು ಮುಖಕ್ಕೆ ಬಡಿಯುತ್ತಿತ್ತು.

‘ಬರ್ತೀರಿ ಅಂತ ಎರಡೂವರಿ ತನಾ ಕಾದೀವ್ರಿ. ಫೋನ್ ಹಚ್ಚಿದ್ನಿ, ಎತ್ತಲಿಲ್ಲ. ಮ್ಯಾನೇಜರ್ ಸಾಹೇಬ್ರು ಈ ಕಡೆ ಬಂದಿದ್ರು. ಯಾಕ ಕುಂತೀರಿ ಅಂದ್ರು. ಕೇಬಲ್ ಸುಟ್ಟೈತಿ, ಸ್ಟೋರಿನಿಂದ ಬರೂದೈತಿ ಅಂತ ಹೇಳೀವ್ರಿ.’ ಕಾಶಪ್ಪ ಏಳುತ್ತ ಸೊಂಟ ಹಿಡಿದುಕೊಂಡ. ‘ಅವ್ರು ಪರ್ಮಿಟ್ ಕೇಳಿದ್ರ ಕೊಡಬ್ಯಾಡ ಅಂತ ಸೀನನ ಕಿಸೇದಾಗ ಇಟ್ಟೀವಿ. ತಗೋರಿ.’

ಸೀನ ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದು ಕೊಟ್ಟ. ಬೆವರಿಗೆ ಒದ್ದೆಯಾಗಿತ್ತು. ಚಂದ್ರಾಮ ಅದನ್ನು ಬಿಚ್ಚದೆ ಕಿಸೆಗೆ ಸೇರಿಸಿದ. ತಾಡಪತ್ರಿ ಸರಿಸಿ ಮೀಟರಿನ ನಳಿಕೆಯನ್ನು ಒಳಗೆ ಬಿಟ್ಟ, ಮೇಲೆ, ನಡುವೆ, ತಳದಲ್ಲಿ, ಉತ್ತರದ ಮೂಲೆಯ ಕಡೆಗೆ ಎಷ್ಟು ಎಟುಕುತ್ತದೋ ಅಷ್ಟು ಚಾಚಿ. ಅಂಕಿಗಳು ಅಲ್ಲಾಡಿ ನಿಂತವು. ಇಪ್ಪತ್ತು ಪಾಯಿಂಟ್ ಒಂಬತ್ತು. ಸೊನ್ನೆ. ನಲ್ಲಿಯ ಪಕ್ಕ ಗೋಡೆಗೆ ಒತ್ತಿ ತಾನು ಬರೆದದ್ದೇ. ಅವರು ಒಳಗೆ ಹೋಗಿದ್ದರೂ ಏನೂ ಆಗುತ್ತಿರಲಿಲ್ಲ. ಚಂದ್ರಾಮನಿಗೆ ಎಷ್ಟು ಸಮಾಧಾನವಾಯಿತೆಂದರೆ ನಗು ಬರುವುದರಲ್ಲಿತ್ತು. ಹೆಲ್ಮೆಟ್ಟು ತೆಗೆದಿಟ್ಟು ಮ್ಯಾನ್‌ಹೋಲಿನೊಳಗೆ ತಲೆ ಹಾಕಿದ. ಕತ್ತಲು, ಕಾದ ಕಬ್ಬಿಣದ ವಾಸನೆ, ತನ್ನ ಉಸಿರಿನ ಸದ್ದು. ದಿನಕ್ಕಿಂತ ಹೆಚ್ಚು ಹೊತ್ತು ಹಾಗೇ ಇದ್ದ. ಹೊರಗೆ ತಲೆ ತೆಗೆದು, ಇನ್ನು ಹೋಗಬಹುದು ಎನ್ನುವಂತೆ ಪಕ್ಕಕ್ಕೆ ನಿಂತ.

ಕಾಶಪ್ಪ ಮೊಣಕಾಲೂರಲಿಲ್ಲ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೈ ಚಾಚಿದ. ‘ಮಿಶಿನ್ ಒಂಚೂರು ಕೊಡ್ರಿ ಸಾಹೇಬ್ರ’ ಎಂದ.

ಚಂದ್ರಾಮ ಕೊಟ್ಟ. ಕಾಶಪ್ಪ ಅದನ್ನು ಸೀನನ ಮುಂದೆ ಹಿಡಿದು, ‘ಎಷ್ಟ ತೋರಸ್ತೈತಿ, ನೋಡಿ ಹೇಳು’ ಎಂದ. ಸೀನ ಚಂದ್ರಾಮನ ಮುಖ ನೋಡದೆ, ಒಂದೊಂದೇ ಅಂಕಿಯನ್ನು ಬಿಡಿಸಿ ಓದಿದ. ಎರಡು, ಸೊನ್ನೆ, ಚುಕ್ಕಿ, ಒಂಬತ್ತು. ಕೆಳಗ ಬರೀ ಸೊನ್ನೆ. ಕಾಶಪ್ಪ ಕೇಳಿಸಿಕೊಂಡು, ಬಾಗಿ, ಏಳು ವರ್ಷದಲ್ಲಿ ಮೊದಲ ಸಲ ತಾನೇ ಮ್ಯಾನ್‌ಹೋಲಿನೊಳಗೆ ಬರೀ ತಲೆಯನ್ನಷ್ಟೇ ಹಾಕಿ ಸ್ವಲ್ಪ ಹೊತ್ತು ಹಾಗೇ ಇದ್ದು ಹೊರಗೆ ತೆಗೆದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚಂದ್ರಾಮ ಏನಾದರೂ ಹೇಳುತ್ತಿದ್ದ, ಕೈಮುಗಿದಾದರೂ ಬಿಡುತ್ತಿದ್ದ.

‘ಬ್ಯಾಸರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಇನ್ನ ಮ್ಯಾಲ ದಿನಾ ನಮ್ಮ ಸೀನನೂ ಒಮ್ಮೆ ನೋಡ್ತಾನ್ರಿ’ ಎಂದ ಕಾಶಪ್ಪ. ‘ನಿಮಗೂ ಶನಿವಾರ ಸಾಲಿ ಇರ್ತೈತಿ. ಬ್ಯಾಗಿನ ಮ್ಯಾಲ ಬರದಿತ್ರಿ, ಮುಂಜಾನೆ ಸೀನ ಓದಿದ. ಛಲೋ ಆತ್ರಿ. ಕಲೀರಿ.’

ಅವನು ಮೊಣಕಾಲೂರಿ ಒಳಗೆ ತೂರಿದ. ಬೆನ್ನು ಹೋಯಿತು, ಆಮೇಲೆ ಸವೆದ ಬೂಟಿನ ಅಟ್ಟೆಗಳು ಹೋದವು. ಉಳಿದಿಬ್ಬರು ಕೇಬಲ್ ಹಿಡಿದು ಅವನ ಹಿಂದೆ ಹೋದರು. ಸೀನ ಮೀಟರು ಹಿಡಿದುಕೊಂಡು ಮ್ಯಾನ್‌ಹೋಲಿನ ಮುಂದೆ ಬಂದು ನಿಲ್ಲಲು ನೋಡಿದ. ಅದು ಚಂದ್ರಾಮ ದಿನವೂ ನಿಲ್ಲುವ ಜಾಗ, ಈಗಲೂ ಅಲ್ಲೇ ನಿಂತಿದ್ದ.

‘ಒಂಚೂರು ಸರೀರಿ ಸಾಹೇಬ್ರ’ ಎಂದ ಸೀನ. ‘ಒಳಗ ಬೆಳಕ ಬೀಳವಲ್ದು.’

ಚಂದ್ರಾಮ ಸರಿದು ನಿಂತ.